ನಡುವಿನ ಹೆಸರು

ಜನವರಿ ೬, ೨೦೨೫, ಸೋಮವಾರ

“ಮ್ಯಾಡಂ, ಟೆಸ್ಟಿಂಗ್ ಖರೇನ ಆಗೇತೇನ್ರಿ?” ಎಂದು ಸಮ್ಮೇದ ಇವತ್ತು ಎಲ್ಲರೆದುರು ಕೇಳಿದ. ನಮ್ಮ ಕಚೇರಿಯ ಮಾಲೀಕ, ನನಗಿಂತ ಏಳು ವರ್ಷ ಚಿಕ್ಕವ, ಮಾತಿನಲ್ಲಿ ಮರ್ಯಾದೆ ಬಿಡುವವನಲ್ಲ. ಆದರೆ ‘ನಿಜವಾಗಿಯೂ’ ಎಂದು ಕೇಳುವ ಆ ‘ಖರೇನ’ ಎಂಬ ಶಬ್ದ ಮಧ್ಯಾಹ್ನದ ಊಟದ ತನಕ ಗಂಟಲಲ್ಲೇ ಕೂತಿತ್ತು. ಮೂರು ತಿಂಗಳಿಂದ ನಾನು ಏನು ಮಾಡುತ್ತಿದ್ದೆ ಎಂದುಕೊಂಡಿದ್ದಾನೆ?

ಆಗಿದ್ದು ಇಷ್ಟು. ಇಲ್ಲಿಯ ಒಂದು ಸಕ್ಕರೆ ಕಾರ್ಖಾನೆ ಕಬ್ಬು ಕಡಿಯುವ ಪಾಳಿಯ ಪಟ್ಟಿಯನ್ನು ನಮ್ಮ ತಂತ್ರಾಂಶದಿಂದ ತೆಗೆಯುತ್ತದೆ. ಯಾರು ಮೊದಲು ನಾಟಿ ಮಾಡಿದ್ದಾರೋ ಅವರ ಕಬ್ಬು ಮೊದಲು. ಪಟ್ಟಿಯಲ್ಲಿ ಹೆಸರು ಬಂದವರ ಹೊಲಕ್ಕೆ ಕಡಿಯುವ ಗ್ಯಾಂಗ್ ಹೋಗುತ್ತದೆ. ಆ ಪಟ್ಟಿ ಬೇಕಾದರೆ ಡೇಟಾಬೇಸಿಗೆ ಅದರದೇ ಭಾಷೆಯಲ್ಲಿ ಪ್ರಶ್ನೆ ಕೇಳಬೇಕು. ಅಂಥ ಪ್ರಶ್ನೆಗಳ ವಾಕ್ಯವನ್ನು ತಾನೇ ಕಟ್ಟಿಕೊಡುವ ಒಂದು ಲೈಬ್ರರಿಯನ್ನು ನಮ್ಮ ಪ್ರಾಜಕ್ತಾ ಬರೆದಿದ್ದಾಳೆ. ‘ಈ ಊರು, ಈ ತಳಿ, ಇನ್ನೂ ಕಡಿದಿಲ್ಲ’ ಎಂದು ಹೇಳಿದರೆ ಸಾಕು, ವಾಕ್ಯ ತಯಾರು. ಅದು ಕಟ್ಟಿದ ವಾಕ್ಯ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ನನ್ನ ಕೆಲಸ. (ಮನೆ ಮಾಲಕಿಗೆ ‘ಲೈಬ್ರರಿ ಟೆಸ್ಟ್ ಮಾಡುತ್ತೇನೆ’ ಎಂದಿದ್ದೆ. ಪುಸ್ತಕದ ಧೂಳು ಜಾಡಿಸುವ ಕೆಲಸ ಎಂದುಕೊಂಡು ಪಾಪ, ಒಂದು ಹಳೆಯ ಸೀರೆಯ ತುಂಡು ಕೊಟ್ಟರು.)

೪೧೨ ಪರೀಕ್ಷೆ ಬರೆದಿದ್ದೇನೆ. ಲೈಬ್ರರಿ ಕಟ್ಟಿದ ವಾಕ್ಯ ನಾನು ಬರೆದಿಟ್ಟ ವಾಕ್ಯಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಇಲ್ಲದಿದ್ದರೆ ಕೆಂಪು. ೪೧೨ಕ್ಕೆ ೪೧೨ ಹಸಿರು. ಈಗ ಅಕ್ಕೋಳದ ಯಾರೋ ಒಬ್ಬ ಹೆಂಗಸು ಕಾರ್ಖಾನೆಗೆ ಫೋನ್ ಮಾಡಿ ‘ನನ್ನ ಪಾಳಿ ಬಂದಿಲ್ಲ’ ಎಂದಳಂತೆ. ಅದಕ್ಕೆ ನನ್ನನ್ನು ‘ಖರೇನ’ ಕೇಳಬೇಕೇ?

ಈ ಸಿಟ್ಟನ್ನು ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ವರದಿಯಂತೆ ಆಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಅಷ್ಟು ಚೆನ್ನಾಗಿ ಕಲಿಸಿದ್ದಾರೆ. ಅದಕ್ಕೇ ದಿನಚರಿ ಕನ್ನಡದಲ್ಲಿ.

ಇಚಲಕರಂಜಿಯಿಂದ ಫೋನ್ ಬಂದಿತ್ತು. ಎತ್ತಲಿಲ್ಲ.

ಜನವರಿ ೯, ಗುರುವಾರ

ಆ ಹೆಂಗಸು ಇವತ್ತು ಕಚೇರಿಗೇ ಬಂದುಬಿಟ್ಟಳು. ಹೆಸರು ಅಕ್ಕುತಾಯಿ. ನನ್ನದೇ ವಯಸ್ಸು ಇರಬೇಕು, ನಾಲ್ಕೈದು ಹೆಚ್ಚು ಕಾಣುತ್ತದೆ. ಮೆಟ್ಟಿಲು ಹತ್ತಿ ಬಂದವಳು ಚಪ್ಪಲಿ ಹೊರಗೆ ಬಿಟ್ಟು, ಇಡೀ ಕಚೇರಿಯನ್ನು ಒಮ್ಮೆ ನೋಡಿ, “ಪಟ್ಟಿ ಮಾಡೂ ಮಷೀನ್ ಯಾವ್ದ್ರಿ?” ಎಂದು ಕೇಳಿದಳು. ಪ್ರಾಜಕ್ತಾ ನಕ್ಕಳು. ನಾನು ನಗಲಿಲ್ಲ.

“ಬಾಯಾರ, ನಮ್ಮ ಬಾಂದಿಗೆ ಹತ್ತಿದ್ದ ಹೊಲಾ ರಾವಸಾಹೇಬಂದು. ಅವಂದೂ ನಂದೂ ಒಂದ ದಿನ ನಾಟಿ, ಒಂದ ಟ್ರ್ಯಾಕ್ಟರ್. ಅವನ ಕಬ್ಬು ಕಡದು ಮೂರು ವಾರ ಆತು. ನಂದು ನಿಂತ ಐತಿ. ತುರಾ ಬಿಟ್ಟೈತ್ರಿ ಕಬ್ಬು, ಮ್ಯಾಲ ಬೆಳ್ಳಗ ಗರಿ ಬಂದಾವ. ಇನ್ನ ಒಳಗ ಒಣಗೂದು ಒಂದ ಉಳದೈತಿ.”

ನಾಟಿಯ ದಿನಾಂಕದ ಪ್ರಕಾರವೇ ಪಟ್ಟಿ ಬರುತ್ತದೆ, ನಡುವೆ ಯಾರೂ ಕೈ ಹಾಕಲಾಗುವುದಿಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹಂಗಂದ್ರ ನಾ ಸುಳ್ಳ ಹೇಳಾಕತ್ತೇನಂತೀರಿ?”

“ಹಾಗಲ್ಲ...”

“ಮತ್ತ? ಮಷೀನ್ ಸುಳ್ಳ ಹೇಳಾಂಗಿಲ್ಲ, ನೀವು ಹೇಳಾಂಗಿಲ್ಲ. ಉಳದಾಕಿ ಯಾರು? ನಾನ ಅಲ್ಲೇನ್ರಿ?”

ಸಮ್ಮೇದ ಚಹಾ ತರಿಸಿ, “ಫೀಲ್ಡ್‌ಮನ್‌ಗೆ ಭೆಟ್ಟಿಯಾಗ್ರಿ, ಅಕ್ಕಾರ” ಎಂದು ಸಾಗಹಾಕಿದ. ಹೊಲಗಳಿಗೆ ಹೋಗಿ ರೈತರ ಹೆಸರು ನೋಂದಾಯಿಸುವವನು, ಪಟ್ಟಿ ಹಿಡಿದು ಗ್ಯಾಂಗಿಗೆ ದಾರಿ ತೋರಿಸುವವನು ಕಾರ್ಖಾನೆಯ ಫೀಲ್ಡ್‌ಮನ್. ಅಕ್ಕೋಳಕ್ಕೆ ಸಮಾಧಾನ ಎಂಬವನು ಇದ್ದಾನೆ. ಅವಳು ಮೆಟ್ಟಿಲಿಳಿಯುವಾಗಲೇ ನನಗೆ ಹೊಳೆಯಿತು. ಈ ಸಮಾಧಾನನೇ ಯಾರದೋ ಮಾತು ಕೇಳಿ ಇವಳನ್ನು ಹಿಂದೆ ಹಾಕಿದ್ದಾನೆ. ಒಬ್ಬಂಟಿ ಹೆಂಗಸು ಎಂದರೆ ಎಲ್ಲರಿಗೂ ಸದರ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜನವರಿ ೧೦, ಶುಕ್ರವಾರ

ಎಲ್ಲ ಪರೀಕ್ಷೆಗಳನ್ನು ಮತ್ತೆ ಓಡಿಸಿದೆ. ೪೧೨ ಹಸಿರು. ಸಮ್ಮೇದನ ಮೇಜಿನ ಮೇಲೆ ಪ್ರಿಂಟ್ ತೆಗೆದಿಟ್ಟು ಬಂದೆ.

ಜನವರಿ ೧೫, ಬುಧವಾರ

ಸಂಕ್ರಾಂತಿಯ ಎಳ್ಳು ಹಂಚಲು ಯಾರ ಮನೆಗೂ ಹೋಗಲಿಲ್ಲ. ಮನೆ ಮಾಲಕಿಯೇ ಬಂದು ಕೈಗೆ ಹಾಕಿ ಹೋದರು. ಕುಂಕುಮ ಹಚ್ಚುವಾಗ ಒಂದು ಕ್ಷಣ ಅನುಮಾನಿಸಿದರು, ಪ್ರತಿ ವರ್ಷದ ಹಾಗೆ. ೨೦೧೯ರ ಜೂನ್ ಹದಿನಾಲ್ಕಕ್ಕೆ ಎರಡು ಚೀಲ ಹಿಡಿದು ನಾನು ಈ ಮನೆಗೆ ಬಂದಾಗಿನಿಂದ ಅವರಿಗೆ ನನ್ನನ್ನು ಯಾವ ಸಾಲಿನಲ್ಲಿ ಸೇರಿಸಬೇಕೆಂದು ತಿಳಿದಿಲ್ಲ. ಗಂಡ ಇದ್ದಾನೆ, ಇಚಲಕರಂಜಿಯಲ್ಲಿ, ಇಲ್ಲಿ ಇಲ್ಲ. ವಿಚ್ಛೇದನ ಆಗಿಲ್ಲ, ಸಂಸಾರವೂ ಇಲ್ಲ.

ಇವತ್ತು ಸಮಾಧಾನ ಎಂಬ ಆ ಫೀಲ್ಡ್‌ಮನ್‌ಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. ಕಿರುಚಲಿಲ್ಲ. ಕಿರುಚುವುದು ನನಗೆ ಬರುವುದಿಲ್ಲ, ತಣ್ಣಗೆ ಮಾತಾಡುತ್ತೇನೆ, ಅದು ಹೆಚ್ಚು ಚುಚ್ಚುತ್ತದೆ ಎಂದು ಹೇಳುವವರಿದ್ದಾರೆ.

“ಮ್ಯಾಡಂ, ನಾ ಏನ್ ನನ್ನ ಮನಸ್ಸಿಗೆ ಬಂದಂಗ ಕಡಸ್ತೇನಂತ ತಿಳದೀರೇನು?” ಎಂದ ಅವನು. “ದಿನಾ ಮುಂಜಾನಿ ನಿಮ್ಮ ಪಟ್ಟಿ ಮೊಬೈಲಿಗೆ ಬರತೈತಿ. ಅದರಾಗ ಇದ್ದವರ ಹೊಲಕ್ಕ ಗ್ಯಾಂಗ್ ಒಯ್ತೇನು. ಅಕ್ಕುತಾಯಿ ಕಾಕು ಹೆಸರು ಒಮ್ಮಿನೂ ಬಂದಿಲ್ಲ. ಆಕಿ ನಮ್ಮ ಓಣ್ಯಾಕಿ, ಸಣ್ಣಾಂವ ಇದ್ದಾಗ ಆಕಿ ಕೈಯಾಗ ಉಂಡೇನಿ. ನಾ ಯಾಕ ಬಿಡ್ಲಿ?”

“ಹಾಗಾದರೆ ಯಾಕೆ ಬರುತ್ತಿಲ್ಲ?”

“ಅದನ್ನ ನೀವು ಹೇಳಬೇಕ್ರಿ. ಆಕಿ ಒಬ್ಬಾಕೀದ ಅಲ್ಲ. ನಮ್ಮೂರಾಗ ಇನ್ನ ಮೂರು ಮಂದೀದೂ ಬಂದಿಲ್ಲ. ಮೂವರೂ ಹೆಣ್ಣಮಕ್ಕಳ. ಕಾರ್ಖಾನ್ಯಾಗ ಹೇಳಿದ್ರ ‘ಕಂಪ್ಯೂಟರದಾಗ ಬರವಲ್ದು’ ಅಂತಾರ. ಇಪ್ಪತ್ತೆಂಟಕ್ಕ ಗ್ಯಾಂಗ್ ತಮ್ಮೂರಿಗೆ ಹೊಂಟೈತಿ. ಆಮ್ಯಾಲ ಯಾರು ಕಡೀತಾರ, ನೀವು ಬರ್ತೀರೇನು ಕುಡಗೋಲ ತಗೊಂಡು?”

ಉದ್ಧಟ. ಆದರೆ ‘ಮೂವರೂ ಹೆಣ್ಣುಮಕ್ಕಳು’ ಎಂದದ್ದು ತಲೆಯಲ್ಲಿ ಕೂತಿದೆ. ಕಾರ್ಖಾನೆಯಲ್ಲೇ ಯಾರೋ ಹೆಂಗಸರ ಹೆಸರು ತೆಗೆಸುತ್ತಿದ್ದಾರೆ. ಇರಲಿ, ನಾನೇ ಹೋಗಿ ನೋಡುತ್ತೇನೆ.

ಜನವರಿ ೧೯, ಭಾನುವಾರ

ಬೆಳಗಿನ ಬಸ್ಸಿಗೆ ಅಕ್ಕೋಳಕ್ಕೆ ಹೋದೆ. ಹೋಗುವಾಗ ಯಾರನ್ನು ಹಿಡಿಯುತ್ತೇನೆ, ಏನು ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಹತ್ತು ಪ್ರಶ್ನೆ ಜೋಡಿಸಿಕೊಂಡಿದ್ದೆ. ಒಂದೂ ಕೇಳಲಿಲ್ಲ.

ಸಮಾಧಾನ ಮೋಟರ್‌ಸೈಕಲ್ ಮೇಲೆ ಹೊಲದ ತನಕ ಬಿಟ್ಟ. ಸುತ್ತ ಎಲ್ಲ ಕಡಿದು ಬಯಲಾಗಿದೆ. ನಡುವೆ ಅಕ್ಕುತಾಯಿಯ ಒಂದೆಕರೆ ಹತ್ತು ಗುಂಟೆ ಕಬ್ಬು ಎದ್ದು ನಿಂತಿದೆ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ತುದಿಯಲ್ಲಿ ಬಿಳಿ ಗರಿ. ಅವಳು ಬದುವಿನ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಳು. ಎಷ್ಟು ದಿನದಿಂದ ಎಂದರೆ ಹತ್ತು ದಿನದಿಂದ.

ಯಾಕೆ ಕೂತಿದ್ದಾಳೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾವಸಾಹೇಬ ಬಂದ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ, ರವದಿ, ಅದಕ್ಕೆ ಬೆಂಕಿ ಹಚ್ಚಿ ಅವನು ಮತ್ತೆ ಚಿಗುರುವ ಕೂಳೆ ಬೆಳೆಗೆ ನೀರು ಬಿಡಬೇಕು. ಹಚ್ಚಿದರೆ ಗಾಳಿಗೆ ಕಿಡಿ ಇವಳ ಕಬ್ಬಿಗೆ ಬೀಳುತ್ತದೆ.

“ಏ ಅಕ್ಕುತಾಯಿ, ಎಷ್ಟ ದಿನಾ ಕಾವಲ ಕೂಡ್ತೀ? ನಾ ಎಷ್ಟ ದಿನಾ ತಡೀಲಿ?”

“ತಡಕೋ ಅಣ್ಣಾ. ಹಚ್ಚೂದಾದ್ರ ನಾ ಇಲ್ಲೇ ಕುಂತಿರತೇನು, ನನ್ನೂ ಸೇರಿಸಿ ಹಚ್ಚು.”

“ನೋಡ್ರಿ ಬಾಯಾರ, ಹೆಂಗ ಮಾತಾಡ್ತಾಳ! ನಾ ಏನ್ ರಾಕ್ಷಸನೇನ್ರಿ? ನಂದೂ ಬೆಳಿ ಕೆಡಾಕತ್ತೈತಿ. ಬರೂ ಮಂಗಳವಾರ ತನಕ ನೋಡ್ತೇನು. ಅದರ ಮುಂದ ಆಗಾಂಗಿಲ್ಲ.”

ಅವನ ಮೇಲೂ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ತಪ್ಪೇನು ಎಂದು ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು.

ಅಕ್ಕುತಾಯಿ ಸೆರಗಿನ ಗಂಟಿನಿಂದ ಕಾರ್ಖಾನೆಯ ನೋಂದಣಿ ಚೀಟಿ ತೆಗೆದು ತೋರಿಸಿದಳು. ನಾಟಿ: ೩ ಡಿಸೆಂಬರ್ ೨೦೨೩. ಊರು, ತಳಿ, ಗುಂಟೆ ಎಲ್ಲ ಸರಿ ಇದೆ. ಹೆಸರಿನ ಮೂರು ಖಾನೆಗಳಲ್ಲಿ ಮೊದಲನೆಯದು ಅಕ್ಕುತಾಯಿ, ಕೊನೆಯದು ಕಾಂಬಳೆ. ನಡುವಿನ ಖಾನೆ ಖಾಲಿ. ಈ ಕಡೆಯ ಹೆಸರಿನಲ್ಲಿ ನಡುವೆ ಅಪ್ಪನದೋ ಗಂಡನದೋ ಹೆಸರು ಇರಲೇಬೇಕು.

“ಇದನ್ನ ಯಾಕೆ ಬಿಟ್ಟೆ?” ಎಂದು ಸಮಾಧಾನನನ್ನು ಕೇಳಿದೆ.

ಅವನು ನೆಲ ನೋಡಿದ. “ಕಾಕಾ ತೀರಕೊಂಡು ಹನ್ನೊಂದು ವರ್ಷ ಆತ್ರಿ. ಹೆಸರು ಕೇಳಿದ್ರ ಕಾಕು ಹೇಳಾಂಗಿಲ್ಲ. ಬಾಜೂಕ ಬ್ಯಾರೆ ಯಾರರ ಇದ್ರ ಅವರ ಕಡಿಂದ ಕೇಳಿ ಬರಕೋತೇವು. ಆವತ್ತ ಹೊಲದಾಗ ಯಾರೂ ಇರಲಿಲ್ಲ.”

“ನಿನಗೇ ಗೊತ್ತಿತ್ತಲ್ಲ ಕಾಕಾನ ಹೆಸರು!”

“ಗೊತ್ತಿತ್ರಿ. ಆಕಿ ‘ಅದನ್ನ ಹಂಗ ಬಿಡು’ ಅಂದ್ಳು. ಹೊಲಾ ಆಕೀದು, ಚೀಟಿ ಆಕೀದು. ನಾ ಹೆಂಗ ಬರೀಲಿ?”

ಅಕ್ಕುತಾಯಿಯ ಕಡೆ ತಿರುಗಿ, ಈಗಿನ ಕಾಲದಲ್ಲೂ ಗಂಡನ ಹೆಸರು ಹೇಳದೆ ಇರುವುದು ಸರಿಯೇ, ಅದರಲ್ಲೂ ಅವರು ಹೋದ ಮೇಲೆ, ಎಂದೆ. ನನ್ನ ದನಿಯಲ್ಲಿ ಶಾಲೆಯ ಸಿಸ್ಟರ್ ಇದ್ದಳು, ನನಗೇ ಕೇಳಿಸಿತು.

“ಇದ್ದಾಗ ಹೇಳಲಿಲ್ಲ, ಈಗ್ಯಾಕ ಹೇಳ್ಲಿ ಬಾಯಾರ? ಇಪ್ಪತ್ತೆರಡು ವರ್ಷ ಬಾಯಾಗ ಇಟಗೊಂಡೇನಿ. ಮದವ್ಯಾಗ ಒಮ್ಮೆ ಒಡಪಿನ್ಯಾಗ ಹೇಳಿದ್ದು, ಅಷ್ಟ.” ಆಮೇಲೆ ನನ್ನ ಮುಖ ನೋಡಿ, “ನಿಮ್ಮವ್ರ ಹೆಸರೇನ್ರಿ?” ಎಂದಳು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಬಸ್ಸಿನಲ್ಲಿ ಬರುವಾಗ ನನ್ನ ಮದುವೆಯ ಒಡಪು ನೆನಪಾಯಿತು. ಪ್ರಾಸ ಕಟ್ಟಿ ಗಂಡನ ಹೆಸರು ಹೇಳು ಎಂದು ಎಲ್ಲರೂ ಗಂಟುಬಿದ್ದಿದ್ದರು. ಕಾನ್ವೆಂಟಿನವಳು, ನನಗೆ ಪ್ರಾಸ ಬರಲಿಲ್ಲ. ಬರೀ ಹೆಸರು ಹೇಳಿ ಕೂತುಬಿಟ್ಟೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲಿನ ಹದಿನೈದು ವರ್ಷ ‘ರೀ’ ಎಂದೇ ಕರೆದೆ. ಅಕ್ಕುತಾಯಿಯದು ಮೂಢತನ, ನನ್ನದು ಬರೀ ಅಭ್ಯಾಸ.

ಚೀಟಿಯ ಆ ಖಾಲಿ ಖಾನೆ ಯಾಕೋ ಕಾಡುತ್ತಿದೆ.

ಜನವರಿ ೨೦, ಸೋಮವಾರ

ನಾನೇ.

ಜನವರಿ ೨೧, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಪೂರ್ತಿ ಬರೆದಿಡುತ್ತೇನೆ, ಮುಂದೆ ನನಗೆ ನಾನೇ ಸಬೂಬು ಹೇಳಿಕೊಳ್ಳಬಾರದು.

ಅಕ್ಟೋಬರದಲ್ಲಿ ಪರೀಕ್ಷೆಗಾಗಿ ಇನ್ನೂರು ಸುಳ್ಳು ರೈತರನ್ನು ಹುಟ್ಟಿಸಿ ಕಾರ್ಖಾನೆಯ ಡೇಟಾಬೇಸಿನಲ್ಲೇ ಇಟ್ಟಿದ್ದೆ. ಅವರು ಸುಳ್ಳು ಎಂದು ಗುರುತಿಗೆ ಎಲ್ಲರ ನಡುವಿನ ಹೆಸರು ‘ಡಮ್ಮಿ’. ಆ ಖಾನೆ ಯಾವ ಪಟ್ಟಿಗೂ ಬೇಕಿರಲಿಲ್ಲ ಎಂದು ಅದನ್ನೇ ಆರಿಸಿಕೊಂಡೆ. ನವೆಂಬರದಲ್ಲಿ ಅವರಲ್ಲೊಬ್ಬ ‘ಬಾಳು ಡಮ್ಮಿ ಪಾಟೀಲ’ ನಿಜವಾದ ಪಟ್ಟಿಗೆ ನುಗ್ಗಿ, ಗ್ಯಾಂಗಿನ ಹದಿನಾಲ್ಕು ಜನ ಅವನ ಹೊಲ ಹುಡುಕುತ್ತ ಅರ್ಧ ದಿನ ಅಲೆದರು. ಆಗ ನಾನೇ ಪ್ರಾಜಕ್ತಾಗೆ ಮೇಲ್ ಹಾಕಿದೆ: ಪಟ್ಟಿಯ ಪ್ರಶ್ನೆಗೆ ಒಂದು ಷರತ್ತು ಸೇರಿಸು, ‘ನಡುವಿನ ಹೆಸರು ಡಮ್ಮಿಗೆ ಸಮವಲ್ಲ’. ಲೈಬ್ರರಿ ಆ ಷರತ್ತನ್ನು ವಾಕ್ಯದಲ್ಲಿ ಚಾಚೂ ತಪ್ಪದೆ ಕಟ್ಟಿಕೊಟ್ಟಿತು. ನಾನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಹಸಿರು.

ಆದರೆ ಖಾಲಿ ಖಾನೆಯನ್ನು ಡೇಟಾಬೇಸ್ ‘ಗೊತ್ತಿಲ್ಲ’ ಎಂದು ಓದುತ್ತದೆ. ಗೊತ್ತಿಲ್ಲದ್ದು ಡಮ್ಮಿಗೆ ಸಮ ಎಂದು ಅದು ಹೇಳುವುದಿಲ್ಲ, ಸಮವಲ್ಲ ಎಂದೂ ಹೇಳುವುದಿಲ್ಲ. ‘ಸಮವಲ್ಲ’ ಎಂದು ಖಚಿತವಾದವರನ್ನು ಮಾತ್ರ ಪಟ್ಟಿಗೆ ಸೇರಿಸುತ್ತದೆ. ನಡುವೆ ಯಾರ ಹೆಸರೂ ಇಲ್ಲದವರು ಸದ್ದಿಲ್ಲದೆ ಹೊರಗೆ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ನನ್ನ ಇನ್ನೂರು ರೈತರಲ್ಲಿ ಒಬ್ಬರ ಖಾನೆಯೂ ಖಾಲಿ ಇರಲಿಲ್ಲ, ಹೆಸರು ಎಂದರೆ ಮೂರು ಎಂದು ಬೆಳೆದವಳು ನಾನು. ವಾಕ್ಯವನ್ನು ಓದಿ ನೋಡಿದೆನೇ ಹೊರತು ನಿಜವಾದ ಹೆಸರುಗಳ ಮೇಲೆ ಒಮ್ಮೆಯೂ ಓಡಿಸಿ ನೋಡಲಿಲ್ಲ.

ನಿನ್ನೆ ಓಡಿಸಿದೆ. ಇನ್ನೂ ಕಡಿಯದ ರೈತರು ೨೩೧೬. ಪಟ್ಟಿಗೆ ಬರುವವರು ೨೨೭೩. ಕಾಣೆಯಾದವರು ೪೩. ಅವರಲ್ಲಿ ೪೧ ಹೆಂಗಸರು. ಹೆಸರುಗಳನ್ನು ಒಂದೊಂದಾಗಿ ಓದಿದೆ. ಗಂಡ ಹೋದವರು, ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು, ಅಂತೂ ಹೊಲ ತಮ್ಮ ಹೆಸರಿನಲ್ಲಿ ಇರುವವರು.

ಪ್ರಾಜಕ್ತಾಗೆ ತೋರಿಸಿದೆ. ಅವಳ ಮುಖ ಕೆಂಪಾಯಿತು.

“ಮ್ಯಾಡಂ, ಲೈಬ್ರರಿ ನೀವು ಹೇಳಿದ್ದನ್ನ ಮಾಡೇತಿ. ನಾ ಆವಾಗ ಕೇಳಿದ್ದೆ, ಖಾಲಿ ಇದ್ರ ಏನ್ ಮಾಡೂದು ಅಂತ. ನೀವು ಏನಂದ್ರಿ ಗೊತ್ತೇನು?”

“ಏನಂದೆ?”

“‘ನಡುವಿನ ಹೆಸರು ಖಾಲಿ ಯಾರದು ಇರತೈತಿ?’ ಅಂದ್ರಿ.”

ನನಗೆ ನೆನಪಿಲ್ಲ. ಹೇಳಿರುತ್ತೇನೆ. ನನ್ನದೇ ದನಿ ಅದು.

ಸಮ್ಮೇದನಿಗೆ ಹೇಳಿದೆ. ಅವನು ಬಾಗಿಲು ಹಾಕಿಕೊಂಡ. ಬರುವ ಸೋಮವಾರ ಅಥಣಿ ಕಡೆಯ ಇನ್ನೊಂದು ಕಾರ್ಖಾನೆಗೆ ಇದೇ ತಂತ್ರಾಂಶ ಹೋಗಬೇಕು, ಅದಕ್ಕೆ ನನ್ನ ಸಹಿಯ ಪರೀಕ್ಷಾ ವರದಿ ಬೇಕು.

“ಮ್ಯಾಡಂ, ಒಂದ ಸಾಲ ಬರೀರಿ, ‘ಕ್ಷೇತ್ರ ಸಿಬ್ಬಂದಿಯಿಂದ ಅಪೂರ್ಣ ನೋಂದಣಿ’. ಮುಗೀತು. ಸುಳ್ಳೇನೂ ಅಲ್ಲಲ್ರಿ. ಖಾನೆ ತುಂಬಿಲ್ಲ ಅಂವ.”

“ತುಂಬಲೇಬೇಕು ಎಂದು ನಾವು ಎಲ್ಲಿ ಹೇಳಿದ್ದೇವೆ?”

“ಹೇಳಿಲ್ಲ. ಆದ್ರ ತುಂಬಬೇಕಿತ್ತು.”

“ಕಾರ್ಖಾನೆಯವರು ಸಮಾಧಾನನನ್ನ ತೆಗೀತಾರೆ. ಸೀಜನ್ ಮಟ್ಟಿಗೆ ಕೆಲಸಕ್ಕಿರೋ ಮನುಷ್ಯ.”

“ಅಂವನ್ನ ತಗೀಲಿಲ್ಲಂದ್ರ ನಮ್ಮನ್ನ ತಗೀತಾರ. ಇಲ್ಲಿ ಎಂಟ ಮಂದಿ ಅದೀವಿ. ನಿಮ್ಮ ಹೆಸರೂ ಕೆಡೂದು ಬ್ಯಾಡ ಅಂತ ಹೇಳಾಕತ್ತೇನ್ರಿ ನಾನು.”

ನನ್ನ ಹೆಸರು! ಅದನ್ನು ಕೇಳಿ ಮೈಯೆಲ್ಲ ಉರಿಯಿತು. ಮೊನ್ನೆಯ ತನಕ ‘ಖರೇನ ಟೆಸ್ಟ್ ಮಾಡೀರೇನು’ ಎಂದು ಕೇಳಿದವನಿಗೆ ಈಗ ನನ್ನ ಹೆಸರಿನ ಕಾಳಜಿ.

ಆದರೂ ಒಂದು ಮಾತು ಪ್ರಾಮಾಣಿಕವಾಗಿ ಬರೆಯಬೇಕು. ಅವನು ಆ ಸಾಲು ಹೇಳಿದ ಕ್ಷಣ ಒಳಗೆಲ್ಲೋ ಹಗುರವಾಯಿತು. ಒಂದು ಕ್ಷಣ ಅಷ್ಟೇ. ಆಯಿತು ಎನ್ನುವುದು ನಿಜ.

ಜನವರಿ ೨೨, ಬುಧವಾರ

ಸಹಿ ಮಾಡಲಿಲ್ಲ. ಸಮ್ಮೇದ ಮಾತಾಡುತ್ತಿಲ್ಲ. ನಿನ್ನೆ ಮಂಗಳವಾರವಾಗಿತ್ತು, ರಾವಸಾಹೇಬನ ಗಡುವು. ಸಮಾಧಾನನಿಗೆ ಫೋನ್ ಮಾಡಿದರೆ, “ಇನ್ನೂ ಹಚ್ಚಿಲ್ರಿ. ‘ಬರೂ ಮಂಗಳವಾರ’ ಅಂದ್ರ ಇಪ್ಪತ್ತೆಂಟು ಅಂತಾನ. ಆವತ್ತ ಗ್ಯಾಂಗ್ ಹೋಗೂದು” ಎಂದ.

ತಪ್ಪು ನಿನ್ನದಲ್ಲ ಎಂದು ಅವನಿಗೆ ಇನ್ನೂ ಹೇಳಿಲ್ಲ.

ಇಚಲಕರಂಜಿಯಿಂದ ಮೆಸೇಜು. ನಾದಿನಿಯ ಮಗನ ಮದುವೆ. ಪತ್ರಿಕೆ ಅಚ್ಚಿಗೆ ಹೋಗುತ್ತಿದೆ, ಕರೆಯುವವರ ಸಾಲಿನಲ್ಲಿ ‘ಸೌ.’ ಎಂದು ನನ್ನ ಹೆಸರು ಹಾಕಲೇ ಎಂದು ಕೇಳಿದ್ದಾರೆ. ಹಾಕದಿದ್ದರೆ ಜನ ಕೇಳುತ್ತಾರಂತೆ. ಐದೂವರೆ ವರ್ಷದಲ್ಲಿ ಜನ ಕೇಳಿಲ್ಲವೇ?

ಜನವರಿ ೨೪, ಶುಕ್ರವಾರ

ಪ್ರಾಜಕ್ತಾ ನಿನ್ನೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಸರಿಪಡಿಸಿದ್ದಾಳೆ. ‘ಸಮವಲ್ಲ’ ಎಂದು ಯಾರಾದರೂ ಕೇಳಿದರೆ ಲೈಬ್ರರಿ ಈಗ ಸುಮ್ಮನೆ ವಾಕ್ಯ ಕಟ್ಟುವುದಿಲ್ಲ. ‘ಖಾಲಿ ಇದ್ದವರು ಒಳಗೋ ಹೊರಗೋ?’ ಎಂದು ಕೇಳುತ್ತದೆ. ಹೇಳದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ.

“ನಾ ಆವಾಗ ಇನ್ನೊಮ್ಮಿ ಕೇಳಬೇಕಿತ್ತು ಮ್ಯಾಡಂ,” ಎಂದಳು. “ನಿಮಗ ಅಂಜಿದೆ.”

ನನಗೆ ಯಾರಾದರೂ ಅಂಜುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅದನ್ನು ಶಿಸ್ತು ಎಂದುಕೊಂಡಿದ್ದೆನೇ?

ಇಬ್ಬರೂ ಕೂತು ಹೊಸ ವಾಕ್ಯವನ್ನು ಸೋಮವಾರ ತೆಗೆದಿಟ್ಟ ಅದೇ ನಿಜವಾದ ಹೆಸರುಗಳ ಮೇಲೆ ಓಡಿಸಿದೆವು. ೨೩೧೬. ಎಲ್ಲರೂ. ಅಕ್ಕುತಾಯಿ ಕಾಂಬಳೆ ನಾಲ್ಕನೆಯ ಸಾಲಿನಲ್ಲಿ. ಅವಳ ಮೇಲಿನ ಮೂವರೂ ಆ ೪೩ರವರೇ.

ಆಮೇಲೆ ವರದಿ ಬರೆದೆ. ‘ಪರೀಕ್ಷಕಿ ಸೂಚಿಸಿದ ಷರತ್ತಿನಿಂದ ೪೩ ರೈತರು ಪಾಳಿ ಪಟ್ಟಿಯಿಂದ ಹೊರಗುಳಿದರು. ಪರೀಕ್ಷೆಗಳು ವಾಕ್ಯವನ್ನು ನೋಡಿದವು, ಫಲಿತಾಂಶವನ್ನು ನೋಡಲಿಲ್ಲ. ನೋಂದಣಿಯಲ್ಲಿ ಸಿಬ್ಬಂದಿಯ ತಪ್ಪಿಲ್ಲ. ಈ ೪೩ ಜನರ ಹೊಲಗಳಿಗೆ ಮೊದಲು ಗ್ಯಾಂಗ್ ಕಳಿಸಬೇಕು.’ ಸಹಿ ಹಾಕಿ, ಹೊಸ ಪಟ್ಟಿಯ ಸಮೇತ ನೇರ ಕಾರ್ಖಾನೆಗೆ ಕಳಿಸಿದೆ. ಸಮ್ಮೇದನಿಗೂ ಒಂದು ಪ್ರತಿ. ಅವನು ಓದಿ, ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತ.

“ನನ್ನನ್ನ ಒಂದ ಮಾತ ಕೇಳಬೇಕಿತ್ರಿ.”

“ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ.”

“ಹೌದು. ಆದ್ರೂ ಕೇಳಬೇಕಿತ್ತು.”

ಅದು ಸರಿ. ಅದನ್ನು ಅವನಿಗೆ ಹೇಳಲಿಲ್ಲ.

ಸಮಾಧಾನನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಆವತ್ತಿನ ಮಾತಿಗೆ ಕ್ಷಮೆಯನ್ನೂ ಕೇಳಿದೆ. “ಅಂದ್ರ ನಾವು ಒಂದ ತಿಂಗಳ ಬೈಸಿಕೊಂಡದ್ದು ಬಾಳು ಡಮ್ಮಿ ಪಾಟೀಲನ ಸಲುವಾಗೇನ್ರಿ?” ಎಂದು ಕೇಳಿ ಜೋರಾಗಿ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಅವನು ನಗಬಹುದು, ಅವನಿಗೆ ಹಕ್ಕಿದೆ.

ಜನವರಿ ೨೮, ಮಂಗಳವಾರ

ಮಧ್ಯಾಹ್ನ ಅಕ್ಕುತಾಯಿಯ ಫೋನ್, ಸಮಾಧಾನನ ಮೊಬೈಲಿನಿಂದ. ಹಿಂದೆ ಕುಡುಗೋಲಿನ ಸದ್ದು, ಹೆಂಗಸರ ಮರಾಠಿ ಮಾತು, ಟ್ರ್ಯಾಕ್ಟರಿನ ಗುಡುಗು.

“ಬಾಯಾರ, ಕಡ್ಯಾಕ ಹತ್ಯಾರ್ರಿ ನೋಡ್ರಿ! ಅರ್ಧಾ ಕಡದು ಹಾಕ್ಯಾರ. ಗ್ಯಾಂಗಿನವ್ರು ಎರಡ ದಿನಾ ಹೆಚ್ಚಿಗಿ ನಿಂದ್ರತಾರಂತ. ರಾವಸಾಹೇಬಣ್ಣ ಕೈಯಾಗ ಕಡ್ಡಿಪೆಟಗಿ ಹಿಡಕೊಂಡ ಕುಂತಾನ, ‘ಮುಗೀತೇನು, ಮುಗೀತೇನು’ ಅಂತ.”

“ಒಣಗಿದ್ದು ಬಹಳ ಇದೆಯಾ?”

“ಒಣಗೇತಿ. ಸುಳ್ಳ ಯಾಕ ಹೇಳ್ಲಿ, ಒಳಗ ಬೆಂಡ ಆಗೇತ್ರಿ. ಮೊದಲಿನಂಗ ತೂಕ ಎಲ್ಲಿಂದ ಬರತೈತಿ.” ಆಮೇಲೆ, “ಸಮಾಧಾನ ಹೇಳಿದ. ನಿಮ್ಮದ ತಪ್ಪಂತ. ನೀವ ಬರದ ಕೊಟ್ರಂತ.”

“ಹೌದು.”

“ನನಗ ಭಾಳ ಸಿಟ್ಟ ಬಂದೇತ್ರಿ ನಿಮ್ಮ ಮ್ಯಾಲ.”

“ಬರಬೇಕು.”

“ಹ್ಞೂಂ. ಇರಲಿ. ಈ ಸಲ ಚಿಂಚಲಿ ಮಾಯವ್ವನ ಜಾತ್ರಿಗೆ ಹೋದಾಗ ನಿಮ್ಮ ಹೆಸರ್ಲೆ ಒಂದ ಕಾಯಿ ಒಡಸ್ತೇನು. ಸಿಟ್ಟೂ ಇರತೈತಿ, ಕಾಯೀನೂ ಒಡಸ್ತೇನು. ಪೂರ್ತಿ ಹೆಸರೇನ್ರಿ ನಿಮ್ಮದು?”

“ರೂಪಾಲಿ ಮಗದುಮ್ಮ.”

“ನಡಕಿಂದು?”

“ಅಷ್ಟೇ.”

“ಹಂಗ ಅಂತೇನು,” ಎಂದಳು ಅಕ್ಕುತಾಯಿ. ಮಗದುಮ್ಮ ತವರಿನ ಅಡ್ಡಹೆಸರು. ವರದಿಯ ಕೆಳಗೂ ಅದನ್ನೇ ಬರೆದಿದ್ದೇನೆ ಎಂದು ಆಮೇಲೆ ನೋಡಿಕೊಂಡೆ. ಅವಸರದಲ್ಲಿ ಹಾಗಾಗಿರಬೇಕು.

ಅಥಣಿಯವರು ಒಂದು ವಾರ ಮುಂದೂಡಿದ್ದಾರೆ. ಬಿಟ್ಟಿಲ್ಲ. ಸಮ್ಮೇದ ಸಂಜೆ ಬಂದು, “ಖರೇನ ಟೆಸ್ಟ್ ಆದ ಮ್ಯಾಲ ಹೋಗೂಣು ಮ್ಯಾಡಂ,” ಎಂದ. ಅದೇ ಶಬ್ದ. ಈ ಸಲ ಗಂಟಲಲ್ಲಿ ಕೂರಲಿಲ್ಲ.

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಇಚಲಕರಂಜಿಗೆ, ಶ್ರೇಣಿಕನಿಗೆ ಫೋನ್ ಮಾಡಿ ಮದುವೆ ಪತ್ರಿಕೆಯಲ್ಲಿ ನನ್ನ ಹೆಸರು ಬೇಡ ಎಂದೆ. ಜನ ಕೇಳಿದರೆ ಏನು ಹೇಳಲಿ ಎಂದ. ಇದ್ದದ್ದನ್ನು ಹೇಳು ಶ್ರೇಣಿಕ ಎಂದೆ. ಚಹಾ ಆರಿಹೋಗಿತ್ತು, ಮತ್ತೆ ಕಾಯಿಸಿಕೊಂಡೆ.

ಕಚೇರಿಯಲ್ಲಿ ಹೊಸ ಪರೀಕ್ಷೆಗಳು ಶುರು. ಇನ್ನೂರು ಸುಳ್ಳು ರೈತರನ್ನೂ ಕಾರ್ಖಾನೆಯ ಡೇಟಾಬೇಸಿನಿಂದ ಅಳಿಸಿದೆವು, ಬಾಳು ಡಮ್ಮಿ ಪಾಟೀಲನನ್ನು ಎಲ್ಲರಿಗಿಂತ ಮೊದಲು. ಪರೀಕ್ಷೆಗೆಂದೇ ಬೇರೆ ಡೇಟಾಬೇಸು ಮಾಡಿದೆವು. ಇನ್ನು ಮೇಲೆ ವಾಕ್ಯ ಓದಿ ಹಸಿರು ಹಚ್ಚುವುದಿಲ್ಲ. ವಾಕ್ಯ ಓಡಬೇಕು, ಪಟ್ಟಿ ಬರಬೇಕು, ಪಟ್ಟಿಯಲ್ಲಿ ಯಾರಿಲ್ಲ ಎಂದು ನೋಡಬೇಕು.

೪೧೩ನೆಯ ಪರೀಕ್ಷೆ. ಪ್ರಾಜಕ್ತಾ ಕೀಬೋರ್ಡಿನ ಮೇಲೆ, ನಾನು ಪಕ್ಕದಲ್ಲಿ.

“ಹೆಸರು ಹೇಳ್ರಿ ಮ್ಯಾಡಂ.”

“ರೂಪಾಲಿ.”

ಅವಳು ನನ್ನ ಕಡೆ ನೋಡಿ ನಕ್ಕಳು. “ನಡುವಿಂದು?”

“ಖಾಲಿ ಬಿಡು.”

“ಅಡ್ಡಹೆಸರು ಮಗದುಮ್ಮ. ನಾಟಿ ದಿನಾಂಕ?”

ಬಾಯಿಗೆ ಬಂದದ್ದು ಹೇಳಿದೆ. “೧೪ ಜೂನ್ ೨೦೧೯.”

“ಅಯ್ಯ ಮ್ಯಾಡಂ! ಐದೂವರಿ ವರ್ಷ ನಿಂತ ಕಬ್ಬು? ಇಷ್ಟೊತ್ತಿಗೆ ಕಟಗಿ ಆಗಿರತೈತಿ. ಕುಡಗೋಲ ಅಲ್ಲ, ಕೊಡ್ಲಿ ಬೇಕು.”

“ಅಷ್ಟು ಹಳೆಯದಾದರೆ ಪಾಳಿ ಮೊದಲು ಬರಬೇಕಲ್ಲ? ಓಡಿಸು, ನೋಡೋಣ.”

ಓಡಿಸಿದಳು. ಇಬ್ಬರೂ ಪರದೆಯ ಹತ್ತಿರ ಬಗ್ಗಿದೆವು.

ಮೊದಲನೆಯ ಸಾಲು. ರೂಪಾಲಿ, ಒಂದು ಖಾಲಿ ಜಾಗ, ಮಗದುಮ್ಮ.